ಜೇನುಪೆಟ್ಟಿಗೆಯ ಅಡಿಗೆ ತಕ್ಕಡಿ: ಹತ್ತೇ ದಿನಕ್ಕೆ ಬ್ಯಾಟರಿ ಖಾಲಿ, ಯಾವ ಎಡಿಸಿ ಹಾಕಲಿ?

ತೋಟದ ಜೇನು (ಸೋಮವಾರ, ರಾತ್ರಿ 9:10)

ಎಲ್ಲರಿಗೂ ನಮಸ್ಕಾರ. ಶಿರಸಿ ಕಡೆಯ ನಮ್ಮ ಅಡಿಕೆ ತೋಟದಲ್ಲಿ ಹನ್ನೆರಡು ತುಡುವೆ ಪೆಟ್ಟಿಗೆಗಳಿವೆ. ಒಂದರ ಅಡಿಗೆ ತಕ್ಕಡಿ ಕೂರಿಸಿದ್ದೇನೆ. ಪದೇ ಪದೇ ಮುಚ್ಚಳ ತೆಗೆದು ಹುಳುಗಳಿಗೆ ಕಾಟ ಕೊಡದೆ, ತುಪ್ಪ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಮನೆಯಲ್ಲೇ ತಿಳಿಯಬೇಕು. ಇಷ್ಟೇ ಆಸೆ.

ಸಾಮಾನುಗಳು ಹೀಗಿವೆ. 50 ಕಿಲೋದ ಲೋಡ್ ಸೆಲ್ (ಭಾರವನ್ನು ವೋಲ್ಟೇಜಾಗಿ ತಿರುಗಿಸುವ ಲೋಹದ ತುಂಡು), 350 ಓಮ್, ಒಂದು ವೋಲ್ಟ್ ಕೊಟ್ಟರೆ ಪೂರ್ತಿ ಭಾರಕ್ಕೆ 2 ಮಿಲಿವೋಲ್ಟ್ ಕೊಡುವಂಥದ್ದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ತಂದ ಹಸಿರು ಬಣ್ಣದ ಎಚ್‌ಎಕ್ಸ್711 ಬೋರ್ಡು, ಅಂದರೆ ಸೆಲ್‌ನ ವೋಲ್ಟೇಜನ್ನು ಅಂಕಿಯಾಗಿಸುವ ಎಡಿಸಿ. ವೈಫೈ ಇರುವ ಪುಟ್ಟ ಕಂಪ್ಯೂಟರಿನಂಥ ಒಂದು ಇಎಸ್‌ಪಿ32 ಬೋರ್ಡು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇರುತ್ತದಲ್ಲ, ಆ 6 ವೋಲ್ಟ್ 4.5 ಆಂಪಿಯರ್-ಗಂಟೆಯ ಬ್ಯಾಟರಿ. ಅರ್ಧ ಗಂಟೆಗೊಮ್ಮೆ ಎದ್ದು, ತೂಕ ನೋಡಿ, ವೈಫೈ ಮೂಲಕ ಮನೆಗೆ ಕಳಿಸಿ ಮತ್ತೆ ಮಲಗುತ್ತದೆ. ಮಲಗುವ ಮುನ್ನ ಎಚ್‌ಎಕ್ಸ್711ಗೂ ಮಲಗು ಎಂದು ಹೇಳುತ್ತೇನೆ.

ಆದರೂ ಹತ್ತನೇ ದಿನಕ್ಕೆ ಬ್ಯಾಟರಿ ಸತ್ತಿತು. ಹುಡುಕುತ್ತಾ ಹೋದಾಗ ಎಡಿ7799 ಎಂಬ ಎಡಿಸಿ ಸಿಕ್ಕಿತು. ಅದಕ್ಕೆ ಸುಮಾರು 380 ಮೈಕ್ರೋಆಂಪಿಯರ್ ಸಾಕಂತೆ, ಎಚ್‌ಎಕ್ಸ್711ಗೆ 1.5 ಮಿಲಿಆಂಪಿಯರ್ ಬೇಕು. ಬೆಲೆ ಹಲವು ಪಟ್ಟು. ತರಿಸಲೇ?

ಮೈಕ್ರೋವೋಲ್ಟ್ (ಸೋಮವಾರ, ರಾತ್ರಿ 10:02)

ತರಿಸಬೇಡಿ, ಸ್ವಲ್ಪ ತಡೆಯಿರಿ. ತೂಕದ ಯಂತ್ರಗಳ ಒಳಗಿನ ಬೋರ್ಡು ವಿನ್ಯಾಸ ಮಾಡುವುದೇ ನನ್ನ ಹೊಟ್ಟೆಪಾಡು. ನಿಮ್ಮ ಪ್ರಶ್ನೆಯನ್ನು ತಿಂಗಳಿಗೊಬ್ಬರು ಕೇಳುತ್ತಾರೆ, ಎಲ್ಲರೂ ಎಡಿಸಿಯನ್ನೇ ಕಳ್ಳನೆಂದು ಹಿಡಿಯುತ್ತಾರೆ.

ಲೋಡ್ ಸೆಲ್‌ನ ಒಳಗೆ ನಾಲ್ಕು ಸ್ಟ್ರೇನ್ ಗೇಜ್‌ಗಳನ್ನು, ಅಂದರೆ ಹಿಗ್ಗಿ ಕುಗ್ಗಿದರೆ ರೆಸಿಸ್ಟೆನ್ಸ್ ಬದಲಾಗುವ ತೆಳು ಪಟ್ಟಿಗಳನ್ನು, ವೀಟ್‌ಸ್ಟೋನ್ ಬ್ರಿಡ್ಜ್ ಎಂಬ ಚೌಕದ ಮಾದರಿಯಲ್ಲಿ ಜೋಡಿಸಿರುತ್ತಾರೆ. ಬ್ಯಾಟರಿಯ ಕಣ್ಣಿಗೆ ಅದು ಬರೀ 350 ಓಮ್‌ನ ರೆಸಿಸ್ಟರ್. ನಿಮ್ಮ ಬೋರ್ಡಿನಲ್ಲಿ ಅದಕ್ಕೆ ಸುಮಾರು 3.2 ವೋಲ್ಟ್ ಸಿಗುತ್ತಿರಬೇಕು. ಭಾಗಿಸಿ ನೋಡಿ: 9 ಮಿಲಿಆಂಪಿಯರ್ ದಾಟುತ್ತದೆ. ಪೆಟ್ಟಿಗೆ ಇರಲಿ ಬಿಡಲಿ, ಹುಳು ಬರಲಿ ಹೋಗಲಿ, ಆ 9 ಹರಿಯುತ್ತಲೇ ಇರುತ್ತದೆ. ಎಡಿಸಿ ಬದಲಿಸಿದರೆ ನಿಮಗೆ ಉಳಿಯುವುದು ಒಂದು ಚಿಲ್ಲರೆ ಮಿಲಿಆಂಪಿಯರ್. ಅದೇ 350 ಓಮ್ ಬದಲು 1000 ಓಮ್‌ನ ಸೆಲ್ ತಂದಿದ್ದರೆ ಆರು ಉಳಿಯುತ್ತಿತ್ತು. ಹೊಳೆ ಹರಿದು ಹೋಗುತ್ತಿರುವಾಗ ನಲ್ಲಿಯ ತೊಟ್ಟಿಕ್ಕುವಿಕೆ ನಿಲ್ಲಿಸಲು ಹೊರಟಿದ್ದೀರಿ.

ಎಡಿ7799ರಲ್ಲಿ ನಿಮಗೆ ನಿಜವಾಗಿ ಉಪಯೋಗಕ್ಕೆ ಬರುವುದು ಆ 380 ಅಲ್ಲ. ಅದರೊಳಗೆ ಬ್ರಿಡ್ಜ್‌ನ ನೆಲದ (ಗ್ರೌಂಡ್) ಕಡೆಯ ತಂತಿಯನ್ನು ಕತ್ತರಿಸುವ ಒಂದು ಸ್ವಿಚ್ ಇದೆ. ಎಡಿ7780, ಎಡಿ7124 ಇವುಗಳಲ್ಲೂ ಇದೆ. ಎಡಿಸಿ ಮಲಗಿದಾಗ ಬ್ರಿಡ್ಜ್ ಕೂಡ ಮಲಗುತ್ತದೆ. ತಮಾಷೆಯೆಂದರೆ ನಿಮ್ಮ ಅಗ್ಗದ ಎಚ್‌ಎಕ್ಸ್711 ಕೂಡ ಬೇರೆ ದಾರಿಯಲ್ಲಿ ಇದೇ ಕೆಲಸ ಮಾಡುತ್ತದೆ. ಸೆಲ್‌ಗೆ ವೋಲ್ಟೇಜ್ ಕೊಡುವ ರೆಗ್ಯುಲೇಟರ್ ಅದರ ಕೈಯಲ್ಲೇ ಇದೆ, ಅದು ಮಲಗಿದರೆ ಸೆಲ್‌ಗೂ ಕರೆಂಟ್ ನಿಲ್ಲುತ್ತದೆ.

ಹಾಗಾಗಿ ಮೊದಲು ಅಳೆಯಿರಿ. ಎಲ್ಲವೂ ಮಲಗಿದೆ ಎಂದು ನೀವು ನಂಬಿರುವ ಹೊತ್ತಿನಲ್ಲಿ ಎರಡು ಸಂಖ್ಯೆ ಬೇಕು: ಬ್ಯಾಟರಿಯಿಂದ ಹೋಗುವ ಕರೆಂಟ್ ಎಷ್ಟು, ಮತ್ತು ಸೆಲ್‌ನ ಕೆಂಪು-ಕಪ್ಪು ತಂತಿಗಳ ನಡುವೆ ವೋಲ್ಟೇಜ್ ಎಷ್ಟು.

ತಕ್ಕಡಿಯಂಗಡಿ (ಮಂಗಳವಾರ, ಬೆಳಿಗ್ಗೆ 7:30)

ದಾವಣಗೆರೆಯಲ್ಲಿ ತೂಕದ ಯಂತ್ರ ರಿಪೇರಿ ಮಾಡುತ್ತೇನೆ. ಮೇಲಿನವರು ಹೇಳಿದ್ದು ಸರಿ, ನಾನು ಬ್ಯಾಟರಿಯ ಬಗ್ಗೆ ಮಾತ್ರ ಹೇಳುತ್ತೇನೆ. ಆ 6 ವೋಲ್ಟ್‌ನದು ಸೀಸ-ಆಮ್ಲದ ಬ್ಯಾಟರಿ. ಅದನ್ನು ಪೂರ್ತಿ ಬತ್ತಿಸಿ ಹಾಗೇ ಬಿಟ್ಟರೆ ಮತ್ತೆ ಮೇಲೇಳುವುದು ಕಷ್ಟ. ನನ್ನ ಅಂಗಡಿಗೆ ಬರುವ ‘ಯಂತ್ರ ಕೆಟ್ಟಿದೆ’ ಎಂಬ ದೂರುಗಳಲ್ಲಿ ಅರ್ಧಕ್ಕರ್ಧ ಹೀಗೆ ಸತ್ತ ಬ್ಯಾಟರಿಗಳೇ. ನಿಮ್ಮದನ್ನು ಇವತ್ತೇ ಚಾರ್ಜಿಗೆ ಹಾಕಿ.

ಇನ್ನೊಂದು. ಹಸಿರು ಬೋರ್ಡುಗಳ ಕೆಲವು ಕಂತುಗಳಲ್ಲಿ ಸೆಲ್‌ನ ಕಪ್ಪು ತಂತಿಯ ಜಾಗ ನೆಲಕ್ಕೆ ಸೇರಿರುವುದೇ ಇಲ್ಲ, ಮುದ್ರಣದಲ್ಲೇ ಬಿಟ್ಟು ಹೋಗಿದೆ. ತೂಕ ಹುಚ್ಚುಹುಚ್ಚಾಗಿ ಕುಣಿದರೆ ಮೊದಲು ಮಲ್ಟಿಮೀಟರ್ ಇಟ್ಟು ಅದನ್ನು ನೋಡಿ. ಮತ್ತೆ ಇರುವೆ! ಸೆಲ್‌ನ ತೂತಿನೊಳಗೆ ಇರುವೆ ಮಣ್ಣು ತುಂಬಿ ತೂಕ ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ. ನೀವು ಸಿಹಿಯ ಅಡಿಗೇ ಇಟ್ಟಿದ್ದೀರಿ.

ತೋಟದ ಜೇನು (ಮಂಗಳವಾರ, ಸಂಜೆ 6:45)

ಅಣ್ಣಾ, ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಕರಟದಲ್ಲಿ ಇಟ್ಟಿದ್ದೇನೆ, ಇರುವೆ ಹತ್ತುವುದಿಲ್ಲ.

ಅಳೆದೆ. ಮಲಗಿದಾಗಲೂ 18 ಮಿಲಿಆಂಪಿಯರ್! ಕೆಂಪು-ಕಪ್ಪು ತಂತಿಗಳ ನಡುವೆ 3.19 ವೋಲ್ಟ್. ಅಂದರೆ ಎಚ್‌ಎಕ್ಸ್711 ಮಲಗಿಯೇ ಇಲ್ಲ. ಆದರೆ ಮಲಗಿಸುವ ಸಾಲು ನನ್ನ ಪ್ರೋಗ್ರಾಮಿನಲ್ಲಿ ಇದೆ, ನಾಲ್ಕು ಸಲ ನೋಡಿದೆ.

ಮೈಕ್ರೋವೋಲ್ಟ್ (ಮಂಗಳವಾರ, ರಾತ್ರಿ 8:20)

ಸಿಕ್ಕಿತು. ನಿಮ್ಮ ಪ್ರೋಗ್ರಾಂ ಮಲಗಿಸುತ್ತದೆ, ಇಎಸ್‌ಪಿ32 ತಾನು ಮಲಗುವಾಗ ಅದನ್ನು ಎಬ್ಬಿಸುತ್ತದೆ.

ಎಚ್‌ಎಕ್ಸ್711ಗೆ ಬೇರೆ ಮಲಗುವ ಪಿನ್ ಇಲ್ಲ. ಕ್ಲಾಕ್ ತಂತಿಯ ವೋಲ್ಟೇಜನ್ನು 60 ಮೈಕ್ರೋಸೆಕೆಂಡಿಗಿಂತ ಹೆಚ್ಚು ಹೊತ್ತು ಮೇಲೆತ್ತಿ ಹಿಡಿದರೆ ಮಲಗುತ್ತದೆ, ಕೆಳಗಿಳಿದರೆ ಏಳುತ್ತದೆ. ಮಲಗಿರುವಷ್ಟು ಹೊತ್ತೂ ಯಾರೋ ಅದನ್ನು ಎತ್ತಿ ಹಿಡಿದಿರಬೇಕು. ಇಎಸ್‌ಪಿ32 ಗಾಢ ನಿದ್ದೆಗೆ ಹೋದಾಗ ಸಾಮಾನ್ಯ ಪಿನ್‌ಗಳ ಹಿಡಿತ ಬಿಟ್ಟುಬಿಡುತ್ತದೆ. ತಂತಿ ಯಾರ ಕೈಯಲ್ಲೂ ಇಲ್ಲದೆ ತೇಲುತ್ತದೆ, ಎಚ್‌ಎಕ್ಸ್711 ಎದ್ದು ಕೂರುತ್ತದೆ, ಸೆಲ್‌ಗೆ ಕರೆಂಟ್ ಹರಿಸುತ್ತದೆ, ಕೇಳುವವರಿಲ್ಲದೆ ರಾತ್ರಿಯಿಡೀ ತೂಕ ಮಾಡುತ್ತಾ ಇರುತ್ತದೆ.

ಮದ್ದು ಸುಲಭ: ಕ್ಲಾಕ್ ತಂತಿಗೂ 3.3 ವೋಲ್ಟ್‌ಗೂ ನಡುವೆ ಒಂದು 100 ಕಿಲೋಓಮ್ ರೆಸಿಸ್ಟರ್. ಪಿನ್ ಸ್ಥಿತಿಯನ್ನು ನಿದ್ದೆಯಲ್ಲೂ ಹಿಡಿದಿಡುವ ಆಜ್ಞೆ ಇಎಸ್‌ಪಿ32ರಲ್ಲಿದೆ, ಆದರೆ ನನಗೆ ಐವತ್ತು ಪೈಸೆಯ ರೆಸಿಸ್ಟರ್ ಮೇಲೆ ಹೆಚ್ಚು ನಂಬಿಕೆ.

ಇದರಿಂದ ಆ 18 ಮಿಲಿಆಂಪಿಯರ್‌ನಲ್ಲಿ ಹತ್ತೂವರೆ (ಸೆಲ್‌ನ 9, ಎಚ್‌ಎಕ್ಸ್711ನ 1.5) ಹೋಗುತ್ತದೆ. ಉಳಿದ ಏಳೂವರೆಯಲ್ಲಿ ಐದರಷ್ಟು ನಿಮ್ಮ ಬೋರ್ಡಿನ ಮೇಲಿರುವ ಎಎಂಎಸ್1117 ರೆಗ್ಯುಲೇಟರಿನದ್ದು. ಏನೂ ಕೆಲಸವಿಲ್ಲದೆಯೂ ಅದು ಸುಮಾರು 5 ಮಿಲಿಆಂಪಿಯರ್ ನುಂಗುತ್ತದೆ, ತಯಾರಕರ ಡೇಟಾ ಹಾಳೆಯಲ್ಲೇ ಬರೆದಿದ್ದಾರೆ. ಮಿಕ್ಕದ್ದು ಸದಾ ಉರಿಯುವ ಕೆಂಪು ದೀಪ ಮತ್ತು ಯುಎಸ್‌ಬಿ ಚಿಪ್. ಬೋರ್ಡು ಬಿಟ್ಟು ಬರೀ ಇಎಸ್‌ಪಿ32 ಮಾಡ್ಯೂಲ್ ತೆಗೆದುಕೊಳ್ಳಿ, ಎಚ್‌ಟಿ7333 ರೆಗ್ಯುಲೇಟರ್ ಹಾಕಿ. ಅದು ಕುಡಿಯುವುದು ಕೆಲವೇ ಮೈಕ್ರೋಆಂಪಿಯರ್, 12 ವೋಲ್ಟ್‌ವರೆಗೆ ತಡೆಯುತ್ತದೆ. ಅದರ ಶಕ್ತಿ 250 ಮಿಲಿಆಂಪಿಯರ್ ಅಷ್ಟೇ, ವೈಫೈ ಎದ್ದಾಗ ಒಂದು ಕ್ಷಣ ಅದಕ್ಕಿಂತ ಹೆಚ್ಚು ಕೇಳಬಹುದು. ಪಕ್ಕದಲ್ಲಿ 470 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಇರಲಿ.

ಸೊನ್ನೆ ಒಂದು (ಬುಧವಾರ, ಮಧ್ಯಾಹ್ನ 1:15)

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ, ಪ್ರಾಜೆಕ್ಟಿಗೆ ಇದೇ ಎಚ್‌ಎಕ್ಸ್711 ಬಳಸುತ್ತಿದ್ದೇನೆ. ಅದು 24 ಬಿಟ್‌ನ ಎಡಿಸಿ, ಅಂದರೆ ಒಂದು ಕೋಟಿ ಅರವತ್ತೇಳು ಲಕ್ಷ ಮೆಟ್ಟಿಲು. 50 ಕಿಲೋವನ್ನು ಅಷ್ಟು ಭಾಗ ಮಾಡಿದರೆ ಒಂದು ಗ್ರಾಂಗೆ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು ಬರಬೇಕು. ನನ್ನದರಲ್ಲಿ ಗ್ರಾಂ ಕೂಡ ನಿಲ್ಲುವುದಿಲ್ಲ. ಗೈಡ್ ಅವರನ್ನು ಕೇಳಿದರೆ ‘ಸರಾಸರಿ ತೆಗೆದುಕೋ’ ಎನ್ನುತ್ತಾರೆ.

ಮೈಕ್ರೋವೋಲ್ಟ್ (ಬುಧವಾರ, ರಾತ್ರಿ 9:40)

ಕ್ಷಮೆ ಯಾಕಮ್ಮ, ಇದು ಎಲ್ಲರೂ ಕೇಳಬೇಕಾದ ಪ್ರಶ್ನೆ. ತೋಟದವರ ಸೆಲ್‌ನಲ್ಲೇ ಲೆಕ್ಕ ಹಾಕೋಣ.

3.2 ವೋಲ್ಟ್ ಕೊಟ್ಟರೆ 50 ಕಿಲೋ ಭಾರಕ್ಕೆ 6.4 ಮಿಲಿವೋಲ್ಟ್ ಬರುತ್ತದೆ. ಅಂದರೆ ಒಂದು ಗ್ರಾಂಗೆ 0.128 ಮೈಕ್ರೋವೋಲ್ಟ್. ಈ ಸಂಖ್ಯೆಯನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿಕೊಳ್ಳಿ. ಗಳಿಕೆ (ಗೇನ್, ಅಂದರೆ ಸಂಕೇತವನ್ನು ಹಿಗ್ಗಿಸುವ ಪಟ್ಟು) 128ರಲ್ಲಿ ಎಚ್‌ಎಕ್ಸ್711 ತನ್ನ ಮೆಟ್ಟಿಲುಗಳನ್ನು ಹಂಚುವುದು ನಿಮ್ಮ 6.4ರ ಮೇಲಲ್ಲ, ಆ ವೋಲ್ಟೇಜಿನಲ್ಲಿ ಅದು ಅಳೆಯಬಲ್ಲ ಒಟ್ಟು 25 ಮಿಲಿವೋಲ್ಟ್ ಹರವಿನ ಮೇಲೆ. ನಿಮ್ಮ ಸೆಲ್ ಅದರ ಕಾಲುಭಾಗ ಮಾತ್ರ ಮುಟ್ಟುತ್ತದೆ. ಅಲ್ಲಿಗೆ ಎರಡು ಬಿಟ್ ಹೋಯಿತು.

ಆಮೇಲೆ ಗದ್ದಲ (ನಾಯ್ಸ್), ಅಂದರೆ ಭಾರ ಬದಲಾಗದಿದ್ದರೂ ಓದು ಅಲುಗಾಡುವುದು. ಸೆಕೆಂಡಿಗೆ 10 ಓದುಗಳ ವೇಗದಲ್ಲಿ ಚಿಪ್‌ನ ಸ್ವಂತ ಗದ್ದಲ ಸುಮಾರು 50 ನ್ಯಾನೋವೋಲ್ಟ್. ಅದು ಸರಾಸರಿಯ ಲೆಕ್ಕ. ತುದಿಯಿಂದ ತುದಿಗೆ ನೋಡಿದರೆ ಆರೂವರೆ ಪಟ್ಟು, 330 ನ್ಯಾನೋವೋಲ್ಟ್. ಗ್ರಾಂಗೆ ತಿರುಗಿಸಿ: ಎರಡೂವರೆ ಗ್ರಾಂ. ನಿಮ್ಮ ಗ್ರಾಂ ಯಾಕೆ ನಿಲ್ಲುವುದಿಲ್ಲ ಎಂದು ಗೊತ್ತಾಯಿತಲ್ಲ? ಇದರಲ್ಲಿ ಇನ್ನು ಎಂಟು ಬಿಟ್ ಕರಗಿತು. ಉಳಿದದ್ದು ಹದಿನಾಲ್ಕು. ಡಬ್ಬದ ಮೇಲೆ 24 ಎಂದು ಬರೆದಿರುವುದು ಸುಳ್ಳಲ್ಲ, ಕೊನೆಯ ಹತ್ತು ಬಿಟ್‌ಗಳು ನಿಮ್ಮ ತೂಕದ ಬಗ್ಗೆ ಮಾತಾಡುತ್ತಿಲ್ಲ ಅಷ್ಟೇ.

ಎಡಿಎಸ್1232 ಎಂಬ ಎಡಿಸಿ ಹಾಕಿದರೆ ಗದ್ದಲ 17 ನ್ಯಾನೋವೋಲ್ಟ್‌ಗೆ ಇಳಿಯುತ್ತದೆ, ಅದು 5 ವೋಲ್ಟ್‌ನಲ್ಲಿ. ಆದರೆ ಬೆಸುಗೆಯ ಒಂದು ಗುಂಡಿಗೂ ಪಕ್ಕದ ಗುಂಡಿಗೂ ಉಷ್ಣತೆಯಲ್ಲಿ ಒಂದು ಡಿಗ್ರಿ ವ್ಯತ್ಯಾಸವಾದರೆ ಎರಡು ಲೋಹ ಕೂಡಿದ ಜಾಗದಲ್ಲಿ ಮೈಕ್ರೋವೋಲ್ಟ್‌ಗಳು ಹುಟ್ಟುತ್ತವೆ. ಒಂದು ಮೈಕ್ರೋವೋಲ್ಟ್ ಎಂದರೆ ಇಲ್ಲಿ ಎಂಟು ಗ್ರಾಂ! ಅದಕ್ಕೇ ದುಬಾರಿ ಯಂತ್ರಗಳಲ್ಲಿ ಬ್ರಿಡ್ಜ್‌ಗೆ ಕೊಡುವ ವೋಲ್ಟೇಜನ್ನು ತಿರುಗಾಮುರುಗಾ ಮಾಡಿ ಎರಡು ಸಲ ಅಳೆದು ಆ ತಪ್ಪನ್ನು ಕಳೆಯುತ್ತಾರೆ. ಎಡಿ7195 ಎಂಬ ಚಿಪ್ ಇದಕ್ಕೆಂದೇ ಇದೆ. ಜೇನುಪೆಟ್ಟಿಗೆಗೆ ಅದೆಲ್ಲ ಬೇಡ. ಬೋರ್ಡಿನ ಮೇಲೆ ಬಿಸಿಲು, ಗಾಳಿ ನೇರವಾಗಿ ಬೀಳದಂತೆ ಒಂದು ಮುಚ್ಚಿದ ಡಬ್ಬದಲ್ಲಿ ಇಡಿ, ಸಾಕು.

ಹಾಲಿನ ಲೆಕ್ಕ (ಗುರುವಾರ, ಬೆಳಿಗ್ಗೆ 10:30)

ನಾನು ಹಳ್ಳಿಯ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. ಓದುತ್ತಾ ಓದುತ್ತಾ ಆಸೆ ಹುಟ್ಟಿತು. ಬೆಳಿಗ್ಗೆ ಹಾಲು ಬರುವ ಹೊತ್ತಿಗೇ ನಮ್ಮಲ್ಲಿ ಕರೆಂಟ್ ಹೋಗುತ್ತದೆ, ಇರುವ ಯಂತ್ರದ ಬ್ಯಾಟರಿ ಒಂದು ಗಂಟೆ ತಡೆಯುವುದಿಲ್ಲ. ಇಂಥದ್ದೇ ಒಂದನ್ನು ನಮ್ಮ ಹುಡುಗರಿಂದ ಮಾಡಿಸಿದರೆ ಹೇಗೆ?

ತಕ್ಕಡಿಯಂಗಡಿ (ಗುರುವಾರ, ಬೆಳಿಗ್ಗೆ 11:05)

ಮಾಡಿಸಲೇಬೇಡಿ ಸ್ವಾಮಿ. ದುಡ್ಡು ಕೈ ಬದಲಾಗುವ ಜಾಗದಲ್ಲಿ ಮನೆಯಲ್ಲಿ ಮಾಡಿದ ತಕ್ಕಡಿ ಇಡುವಂತಿಲ್ಲ. 2009ರ ಕಾನೂನು ಮಾಪನಶಾಸ್ತ್ರ ಕಾಯಿದೆ ಪ್ರಕಾರ ಯಂತ್ರದ ಮಾದರಿಗೇ ಮೊದಲು ಅನುಮೋದನೆ ಬೇಕು, ಆಮೇಲೆ ಒಂದೊಂದು ಯಂತ್ರಕ್ಕೂ ಪರಿಶೀಲನೆಯ ಮುದ್ರೆ ಬೀಳಬೇಕು, ಅದನ್ನು ವರ್ಷ ವರ್ಷ ಹೊಸದು ಮಾಡಿಸಬೇಕು. ಬರೀ ರಿಪೇರಿ ಮಾಡುವ ನನಗೂ ಪರವಾನಗಿ ಇದೆ.

ತಪ್ಪು ಎಷ್ಟಿರಬಹುದು ಎಂಬುದಕ್ಕೂ ಅಳತೆ ಇದೆ. 5 ಗ್ರಾಂ ವಿಭಾಗದ (ಅಂಕಿ ಐದೈದು ಗ್ರಾಂ ಏರುವ) 30 ಕಿಲೋ ಯಂತ್ರ, ನಿಖರತೆಯಲ್ಲಿ ಮೂರನೇ ದರ್ಜೆಯದು ಎಂದುಕೊಳ್ಳಿ. ಹೊಸದಾಗಿ ಮುದ್ರೆ ಹಾಕುವಾಗ ಎರಡೂವರೆ ಕಿಲೋವರೆಗೆ 2.5 ಗ್ರಾಂ, ಹತ್ತು ಕಿಲೋವರೆಗೆ 5 ಗ್ರಾಂ, ಅದರಾಚೆ 7.5 ಗ್ರಾಂ ಹೆಚ್ಚು ಕಡಿಮೆ ನಡೆಯುತ್ತದೆ. ಅದೂ ಚಳಿಯಲ್ಲಿ, ಸೆಕೆಯಲ್ಲಿ, ತಟ್ಟೆಯ ಮೂಲೆಯಲ್ಲಿ ಕ್ಯಾನ್ ಇಟ್ಟಾಗಲೂ. ಸರಾಸರಿ ತೆಗೆದರೆ ಕುಣಿತ ನಿಲ್ಲುತ್ತದೆ, ತಪ್ಪು ನಿಲ್ಲುವುದಿಲ್ಲ.

ಮಾತಿಗೆ ಹೇಳುತ್ತೇನೆ: ದೆಹಲಿಯಲ್ಲಿ ಸರಿ ಮಾಡಿದ ಯಂತ್ರವನ್ನು ಹಾಗೇ ಬೆಂಗಳೂರಿಗೆ ತಂದರೆ ಹತ್ತು ಕಿಲೋಗೆ ಹತ್ತು ಹನ್ನೊಂದು ಗ್ರಾಂ ಕಡಿಮೆ ತೋರಿಸುತ್ತದೆ. ಭೂಮಿಯ ಎಳೆತವೇ ಇಲ್ಲಿ ಅಷ್ಟು ಕಡಿಮೆ. ಗಿರಾಕಿಗೆ ಇದನ್ನು ಹೇಳಿದರೆ ನಗುತ್ತಾರೆ.

ನಿಮ್ಮ ತೊಂದರೆಗೆ ಮದ್ದು ಬೇರೆ. ನಿಮ್ಮ ಯಂತ್ರದಲ್ಲಿ ಕೆಂಪು ಅಂಕಿಗಳ ದೊಡ್ಡ ಡಿಸ್‌ಪ್ಲೇ ಇರಬೇಕು, ಎರಡು ಕಡೆಗೂ. ಬ್ಯಾಟರಿ ತಿನ್ನುವುದು ಅದೇ, ಸೆಲ್ಲೂ ಅಲ್ಲ, ಎಡಿಸಿಯೂ ಅಲ್ಲ. ಬ್ಯಾಟರಿ ಬದಲಿಸಿ ಎಷ್ಟು ವರ್ಷವಾಯಿತು?

ಹಾಲಿನ ಲೆಕ್ಕ (ಗುರುವಾರ, ಬೆಳಿಗ್ಗೆ 11:20)

ಬದಲಿಸಿಯೇ ಇಲ್ಲ.

ತಕ್ಕಡಿಯಂಗಡಿ (ಗುರುವಾರ, ಬೆಳಿಗ್ಗೆ 11:21)

ಮತ್ತೆ!

ಸೊನ್ನೆ ಒಂದು (ಗುರುವಾರ, ರಾತ್ರಿ 8:00)

ಸರ್, ಒಂದು ಲೆಕ್ಕ ಹಾಕಿದೆ, ತಪ್ಪಿದ್ದರೆ ತಿದ್ದಿ. ಎಚ್‌ಎಕ್ಸ್711 ನಿದ್ದೆಯಿಂದ ಎದ್ದ ಮೇಲೆ ಅದರ ಫಿಲ್ಟರ್ ನೆಲೆಗೊಳ್ಳಲು ಸೆಕೆಂಡಿಗೆ 10ರ ವೇಗದಲ್ಲಿ 400 ಮಿಲಿಸೆಕೆಂಡ್ ಬೇಕು, 80ರ ವೇಗದಲ್ಲಿ 50 ಸಾಕು. 80ರಲ್ಲಿ ಗದ್ದಲ 90 ನ್ಯಾನೋವೋಲ್ಟ್. ಆದರೆ ನಾಲ್ಕು ಓದುಗಳ ಸರಾಸರಿ ತೆಗೆದರೆ ಅದು 45ಕ್ಕೆ ಇಳಿಯುತ್ತದೆ, ಒಟ್ಟು ಹಿಡಿಯುವುದು 90 ಮಿಲಿಸೆಕೆಂಡ್‌ಗಿಂತ ಕಡಿಮೆ. ಅಂದರೆ 10ರ ವೇಗದ ಒಂದು ಓದಿಗಿಂತ ಶುದ್ಧ, ಕಾಲುಭಾಗಕ್ಕಿಂತ ಕಡಿಮೆ ಹೊತ್ತು. ಹಾಗಿದ್ದ ಮೇಲೆ ಎಲ್ಲರೂ 10 ಯಾಕೆ ಬಳಸುತ್ತಾರೆ?

ತಕ್ಕಡಿಯಂಗಡಿ (ಗುರುವಾರ, ರಾತ್ರಿ 8:45)

ತಂಗೀ, 80 ಹಾಕಿದರೆ ಅಂಕಿ ಕುಣಿಯುತ್ತದೆ. ನನ್ನ ಅಂಗಡಿಯಲ್ಲಿ ಒಂದು ವಾರ ಇಟ್ಟು ನೋಡಿದ್ದೇನೆ. ಲೆಕ್ಕ ಏನೇ ಹೇಳಲಿ.

ಮೈಕ್ರೋವೋಲ್ಟ್ (ಗುರುವಾರ, ರಾತ್ರಿ 9:30)

ಇಬ್ಬರೂ ಸರಿ. 10ರ ವೇಗದಲ್ಲಿ ಆ ಫಿಲ್ಟರ್ 50 ಹರ್ಟ್ಸ್‌ನ ಗುಂಯ್‌ಗುಡುವಿಕೆಯನ್ನು ಸೋಸಿ ಎಸೆಯುತ್ತದೆ, 80ರಲ್ಲಿ ಬಿಟ್ಟುಕೊಳ್ಳುತ್ತದೆ. ನಿಮ್ಮ ಅಂಗಡಿಯ ನಾಲ್ಕು ಗೋಡೆಗಳಲ್ಲೂ ಕರೆಂಟ್ ತಂತಿ ಹರಿಯುತ್ತದೆ, ಮೇಜಿನ ಮೇಲೆ ಟ್ಯೂಬ್‌ಲೈಟ್. ಅಡಿಕೆ ತೋಟದ ನಡುವೆ ಯಾವ 50 ಹರ್ಟ್ಸ್ ಇದೆ? ಅಲ್ಲಿ 80 ಹಾಕುವುದೇ ಜಾಣತನ. ಬೋರ್ಡಿನ ಮೇಲೆ ವೇಗದ ಪಿನ್ ನೆಲಕ್ಕೆ ಸೇರಿರುತ್ತದೆ, ಅದನ್ನು ಬಿಡಿಸಿ ಮೇಲಕ್ಕೆ ಕಟ್ಟಬೇಕು.

ತೋಟದ ಜೇನು (ಶನಿವಾರ, ರಾತ್ರಿ 10:15)

ಅಂತೂ ಮಾಡಿ ಮುಗಿಸಿದೆ. ಬರೀ ಮಾಡ್ಯೂಲ್, ಎಚ್‌ಟಿ7333, 100 ಕಿಲೋಓಮ್, ವೇಗ 80, ನಾಲ್ಕರ ಸರಾಸರಿ. ನಿದ್ದೆಯಲ್ಲಿ ಕರೆಂಟ್ 18 ಮಿಲಿಯಿಂದ 20 ಮೈಕ್ರೋಆಂಪಿಯರ್‌ಗೆ ಇಳಿದಿದೆ. ಮಲ್ಟಿಮೀಟರ್ ಕೆಟ್ಟಿದೆಯೇನೋ ಎಂದು ಪಕ್ಕದ ಮನೆಯದನ್ನೂ ತಂದು ನೋಡಿದೆ!

ಆದರೆ ತಕ್ಕಡಿಯಂಗಡಿ ಅಣ್ಣನ ಮಾತೂ ನಿಜವಾಯಿತು. ಹಗಲು ಅಂಕಿ ಶಾಂತವಾಗಿರುತ್ತದೆ. ರಾತ್ರಿ ಹನ್ನೊಂದರಿಂದ ನಾಲ್ಕು ಗಂಟೆಯ ನಡುವಿನ ಓದುಗಳು ಮಾತ್ರ ಹದಿನೈದು ಇಪ್ಪತ್ತು ಗ್ರಾಂ ಅತ್ತಿತ್ತ. ಯೋಚಿಸಿ ತಲೆ ಕೆಟ್ಟಿತು, ಹುಳುಗಳು ರಾತ್ರಿ ಕುಣಿಯುತ್ತವೆಯೇ ಎಂದು. ಆಮೇಲೆ ಹೊಳೆಯಿತು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬರುವುದು ಈಗ ಆ ಹೊತ್ತಿನಲ್ಲೇ. ಪಂಪಿನ ಕೇಬಲ್ ಪೆಟ್ಟಿಗೆಯಿಂದ ನಾಲ್ಕು ಮಾರು ದೂರದಲ್ಲಿ ಹೋಗುತ್ತದೆ.

ಮೈಕ್ರೋವೋಲ್ಟ್ (ಶನಿವಾರ, ರಾತ್ರಿ 10:50)

ತೋಟದಲ್ಲಿ 50 ಹರ್ಟ್ಸ್ ಇಲ್ಲ ಎಂದು ಹೇಳಿದವನು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕೂತಿದ್ದಾನೆ. ಮಾತು ಹಿಂದಕ್ಕೆ ತೆಗೆದುಕೊಂಡೆ.

10ಕ್ಕೆ ಮರಳಬೇಕಿಲ್ಲ. ನಾಲ್ಕರ ಬದಲು ಎಂಟು ಓದುಗಳ ಸರಾಸರಿ ತೆಗೆಯಿರಿ. 80ರ ವೇಗದಲ್ಲಿ ಎಂಟು ಓದು ಎಂದರೆ 100 ಮಿಲಿಸೆಕೆಂಡ್, ಅಂದರೆ 50 ಹರ್ಟ್ಸ್‌ನ ಸರಿಯಾಗಿ ಐದು ಸುತ್ತು. ಏರಿದ್ದು ಇಳಿದದ್ದು ಅಲ್ಲಲ್ಲೇ ವಜಾ ಆಗುತ್ತದೆ. ಚಿಪ್‌ನೊಳಗಿನ ಗಡಿಯಾರ ಅಷ್ಟು ಕರಾರುವಾಕ್ಕಲ್ಲ, ಹಾಗಾಗಿ ಪೂರ್ತಿ ಹೋಗುವುದಿಲ್ಲ, ಬಹುಪಾಲು ಹೋಗುತ್ತದೆ. ಸೆಲ್‌ನ ತಂತಿಯ ಹೊರ ಜಾಲರಿಯನ್ನು ಒಂದೇ ತುದಿಯಲ್ಲಿ, ಬೋರ್ಡಿನ ಕಡೆ, ನೆಲಕ್ಕೆ ಸೇರಿಸಿ. ಎದ್ದಿರುವ ಹೊತ್ತು ಒಟ್ಟು 140 ಮಿಲಿಸೆಕೆಂಡ್ ಒಳಗೇ ಉಳಿಯುತ್ತದೆ.

ಮತ್ತೆ, ತೂಕ ಮೊದಲು, ವೈಫೈ ಆಮೇಲೆ. ನಿಮ್ಮ ಹಸಿರು ಬೋರ್ಡಿನ ರೆಗ್ಯುಲೇಟರನ್ನು 4.3 ವೋಲ್ಟ್‌ಗೆ ಕೂರಿಸಿರುತ್ತಾರೆ. 3.3 ಕೊಟ್ಟಾಗ ಅದು ತಿದ್ದುವ ಕೆಲಸ ಬಿಟ್ಟು ಬರೀ ದಾಟಿಸುವ ಕೆಲಸ ಮಾಡುತ್ತದೆ. ವೈಫೈ ಎದ್ದಾಗಿನ ಕುಸಿತವೆಲ್ಲ ನೇರ ಸೆಲ್‌ಗೆ ತಲುಪುತ್ತದೆ. ಎಡಿಸಿಯ ಅಳತೆಗೋಲು ಮತ್ತು ಸೆಲ್ ಒಂದೇ ವೋಲ್ಟೇಜಿನಿಂದ ನಡೆಯುವುದರಿಂದ ನಿಧಾನದ ಏರಿಳಿತ ತಾನೇ ವಜಾ ಆಗುತ್ತದೆ, ದಿಢೀರ್ ಕುಸಿತ ಆಗುವುದಿಲ್ಲ.

ಈಗ ದಿನದ ಖರ್ಚು ನೋಡಿ. ತೂಕಕ್ಕೆ: ಹತ್ತೂವರೆ ಮಿಲಿಆಂಪಿಯರ್, 0.14 ಸೆಕೆಂಡ್, ದಿನಕ್ಕೆ 48 ಸಲ. ಸುಮಾರು 0.02 ಮಿಲಿಆಂಪಿಯರ್-ಗಂಟೆ. ವೈಫೈಗೆ: ನೂರು ಮಿಲಿಆಂಪಿಯರ್, ಮೂರು ಸೆಕೆಂಡ್, 48 ಸಲ. ನಾಲ್ಕು ಮಿಲಿಆಂಪಿಯರ್-ಗಂಟೆ. ತೂಕ ಮಾಡುವುದಕ್ಕಿಂತ ತೂಕ ಹೇಳುವುದಕ್ಕೆ ಇನ್ನೂರು ಪಟ್ಟು! ಓದುಗಳನ್ನು ನಿದ್ದೆಯಲ್ಲೂ ಉಳಿಯುವ ಮೆಮೊರಿಯಲ್ಲಿ ಕೂಡಿಟ್ಟು ದಿನಕ್ಕೊಮ್ಮೆ ಬೆಳಿಗ್ಗೆ ಐದಕ್ಕೆ ಕಳಿಸಿ. ಆಗ ನಿಮ್ಮ ಬ್ಯಾಟರಿ ಸುಮ್ಮನೆ ಕೂತು ತಾನೇ ಸೋರಿಕೊಳ್ಳುವುದು ನಿಮ್ಮ ಯಂತ್ರ ಕುಡಿಯುವುದಕ್ಕಿಂತ ಹೆಚ್ಚು. ಸೀಸದ ಬ್ಯಾಟರಿ ತಿಂಗಳಿಗೆ ಶೇಕಡಾ ಮೂರರಷ್ಟು ತಾನಾಗಿ ಇಳಿಯುತ್ತದೆ.

ತೋಟದ ಜೇನು (ಎರಡು ವಾರದ ನಂತರ, ಭಾನುವಾರ)

ರಾತ್ರಿಯ ಕುಣಿತ ಮೂರು ನಾಲ್ಕು ಗ್ರಾಂಗೆ ಇಳಿದಿದೆ. ಈಗ ಹೊಸ ತಕರಾರು. ಮಧ್ಯಾಹ್ನ ತೂಕ ಇಳಿಯುತ್ತದೆ, ರಾತ್ರಿ ಏರುತ್ತದೆ. ಮೇಯಲು ಹೋದ ಹುಳುಗಳ ತೂಕವೋ, ಮರದ ಪೆಟ್ಟಿಗೆ ಒಣಗುವುದೋ, ಸೆಲ್‌ಗೇ ಬಿಸಿಲು ತಾಗುವುದೋ ಬಿಡಿಸಿ ನೋಡಬೇಕೆಂದು ಪಕ್ಕದಲ್ಲಿ ಇನ್ನೊಂದು ಸೆಲ್ ಇಟ್ಟು ಅದರ ಮೇಲೆ ಒಂದು ಚಿರೆಕಲ್ಲು ಕೂರಿಸಿದೆ. ಕಲ್ಲು ಹಾರುವುದಿಲ್ಲವಲ್ಲ. ಆದರೆ ಮೊನ್ನೆಯಿಂದ ಕಲ್ಲಿನ ತೂಕ 700 ಗ್ರಾಂ ಹೆಚ್ಚಾಗಿದೆ!

ತಕ್ಕಡಿಯಂಗಡಿ (ಭಾನುವಾರ)

ಮೊನ್ನೆ ನಿಮ್ಮಲ್ಲಿ ಮಳೆ ಬಂತೇ? ಚಿರೆಕಲ್ಲು ನೀರು ಕುಡಿಯುತ್ತದೆ ಮಾರಾಯರೇ, ಮನೆ ಕಟ್ಟಿದವರನ್ನು ಕೇಳಿ. ಕಬ್ಬಿಣದ ತೂಕದ ಬಟ್ಟು ಇಡಿ. ಇಲ್ಲವೇ ಮುಚ್ಚಳ ಬಿಗಿದ ಕ್ಯಾನಿನಲ್ಲಿ ನೀರು.

ಮೈಕ್ರೋವೋಲ್ಟ್ (ಭಾನುವಾರ)

ನನ್ನ ಇಷ್ಟು ವರ್ಷದ ಅನುಭವದಲ್ಲಿ ನೀರು ಕುಡಿದ ಮಾಪನ ತೂಕ ಇದೇ ಮೊದಲು.

ಬಟ್ಟು ಇಟ್ಟ ಮೇಲೂ ಸ್ವಲ್ಪ ಏರಿಳಿತ ಉಳಿಯುತ್ತದೆ. ಅಗ್ಗದ ಸೆಲ್‌ಗಳಲ್ಲಿ ಹತ್ತು ಡಿಗ್ರಿಗೆ ಪೂರ್ತಿ ಭಾರದ ಶೇಕಡಾ 0.02 ಸರಿಯುವುದು ಮಾಮೂಲು, 50 ಕಿಲೋ ಸೆಲ್‌ಗೆ ಅದೇ 10 ಗ್ರಾಂ. ದಿನದ ಲೆಕ್ಕಕ್ಕೆ ಬೆಳಗಿನ ಜಾವದ ಓದನ್ನಷ್ಟೇ ಹಿಡಿಯಿರಿ: ಹುಳುಗಳೆಲ್ಲ ಒಳಗಿರುತ್ತವೆ, ಉಷ್ಣತೆ ನಿಂತಿರುತ್ತದೆ. ಹಾಗೆಯೇ ತೂಕ ಸರಿ ಮಾಡುವಾಗ ಸೆಲ್‌ಗೆ ಸದಾ ಕರೆಂಟ್ ಕೊಟ್ಟು ಸರಿ ಮಾಡಬೇಡಿ. ಗೇಜ್‌ಗಳು ಒಳಗೊಳಗೇ ಬೆಚ್ಚಗಾಗುತ್ತವೆ, ತೋಟದಲ್ಲಿ 0.14 ಸೆಕೆಂಡ್ ಮಾತ್ರ ಏಳುವಾಗ ತಣ್ಣಗಿರುತ್ತವೆ. ಬಳಸುವ ರೀತಿಯಲ್ಲೇ ಎಬ್ಬಿಸಿ ಮಲಗಿಸಿ ಸರಿ ಮಾಡಿ.

ಸೊನ್ನೆ ಒಂದು (ಸೋಮವಾರ)

ಇದೇ ನನ್ನ ಪ್ರಾಜೆಕ್ಟಿನಲ್ಲಿ ಆಗಿದ್ದ ತಪ್ಪು! ಮೇಜಿನ ಮೇಲೆ ಸರಿ, ಹೊರಗಿಟ್ಟರೆ ಹನ್ನೆರಡು ಗ್ರಾಂ ಕಡಿಮೆ. ಧನ್ಯವಾದ ಸರ್.

ತೋಟದ ಜೇನು (ಆರು ವಾರದ ನಂತರ, ಬುಧವಾರ ಬೆಳಿಗ್ಗೆ 5:40)

ಬ್ಯಾಟರಿ ಇನ್ನೂ 6.3 ವೋಲ್ಟ್ ಇದೆ. ಆ ಕಥೆ ಮುಗಿಯಿತು, ಎಲ್ಲರಿಗೂ ಋಣಿ.

ಇವತ್ತಿನ ಸುದ್ದಿ ಬೇರೆ. ಈಗ ತಾನೇ, ಐದು ಗಂಟೆಗೆ, ನಿನ್ನೆಯ 48 ಓದುಗಳು ಬಂದವು. ನಿನ್ನೆ ಬೆಳಿಗ್ಗೆ 11:00ಕ್ಕೆ 14.38 ಕಿಲೋ. 11:30ಕ್ಕೆ 13.86. ಅರ್ಧ ಗಂಟೆಯಲ್ಲಿ 520 ಗ್ರಾಂ. ಟಾರ್ಚ್ ಹಿಡಿದು ಓಡಿ ಹೋಗಿ ನೋಡಿದೆ, ಬಾಗಿಲಲ್ಲಿ ಹುಳು ವಿರಳ. ಜೇನು ಪಾಲಾಗಿ, ಹಳೆಯ ರಾಣಿ ಅರ್ಧ ಸಂಸಾರ ಕಟ್ಟಿಕೊಂಡು ಹಾರಿ ಹೋಗಿದ್ದಾಳೆ. ಅವು ಹಾರಿದ ಮೇಲೆ ಸ್ವಲ್ಪ ಹೊತ್ತು ಹತ್ತಿರದ ಕೊಂಬೆಯಲ್ಲೇ ಗೊಂಚಲು ಕಟ್ಟಿಕೊಂಡು ಕೂತಿರುತ್ತವೆ. ಆಗಲೇ ಗೊತ್ತಾಗಿದ್ದರೆ ಖಾಲಿ ಪೆಟ್ಟಿಗೆಗೆ ಇಳಿಸಿಕೊಳ್ಳುತ್ತಿದ್ದೆ. ತಕ್ಕಡಿಗೆ ಹನ್ನೊಂದೂವರೆಗೇ ಗೊತ್ತಿತ್ತು. ನನಗೆ ಹದಿನೇಳೂವರೆ ಗಂಟೆ ತಡವಾಗಿ ಹೇಳಿತು.

ಮೈಕ್ರೋವೋಲ್ಟ್ (ಬುಧವಾರ, ಬೆಳಿಗ್ಗೆ 7:05)

ದಿನಕ್ಕೊಮ್ಮೆ ಕಳಿಸಿ ಎಂದು ಹೇಳಿದವನು ನಾನೇ. ತಪ್ಪಾಯಿತು. ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿ: ಹಿಂದಿನ ಓದಿಗಿಂತ 250 ಗ್ರಾಂ ಮೀರಿ ಇಳಿದರೆ ಕಾಯದೆ ಆಗಲೇ ವೈಫೈ ಎಬ್ಬಿಸಲಿ. ಹಗಲು ಹತ್ತರಿಂದ ಎರಡರವರೆಗೆ ಐದು ನಿಮಿಷಕ್ಕೊಮ್ಮೆ ತೂಕ ನೋಡಲಿ, ಅದರ ಖರ್ಚು ನಿಮಗೆ ಕಾಣುವುದೂ ಇಲ್ಲ.

ತೋಟದ ಜೇನು (ಬುಧವಾರ, ಬೆಳಿಗ್ಗೆ 9:30)

ಸೇರಿಸಿದೆ. ಉಳಿದ ಹನ್ನೊಂದು ಪೆಟ್ಟಿಗೆಗಳಿಗೂ ಸೆಲ್ ತರಿಸುತ್ತಿದ್ದೇನೆ, ಈ ಸಲ 1000 ಓಮ್‌ನವು. ಪಾಲು ಎಲ್ಲಾದರೂ ಕೂತಿದೆಯೇ ಎಂದು ನೋಡಲು ಹಲಸಿನ ಮರದ ಕಡೆ ಹೊರಟೆ.